ಮುಂದಿನ ತಾರೀಖು

ದ್ರಾಕ್ಷಿ ಬುಡ ಕೆದಕುವಾಗ ಗುದ್ದಲಿ ಕಾಲಿಗೆ ಬಿತ್ತಂತೆ.
ಮೂರು ದಿನ ಮನೆಸಾರಾಯಿ ಸುರಿದು, ಅರಿವೆ ಸುತ್ತಿ,
ನಾಲ್ಕನೆಯ ದಿನ ಸೊಸೆಯ ಬಾಯಿಗೆ ಹೆದರಿ
ಕುಂಟುತ್ತ ಬಂದ ನುಗ್ಜಾರ್,
ಕಾಖೆತಿಯ ನಮ್ಮ ಎರಡು ಕೋಣೆಯ ಆಸ್ಪತ್ರೆಗೆ.

ಕೊನೆಯ ಚುಚ್ಚುಮದ್ದು ಯಾವಾಗ?
ಸೂರು ನೋಡಿದ. "ಸೈನ್ಯದಲ್ಲಿ, ಬೂಟು ಕೊಟ್ಟ ದಿನ.
ಬೂಟು ಸವೆದೇ ಐವತ್ತು ವರ್ಷವಾಯಿತು.
ಇದು ಮಕ್ಕಳ ಮದ್ದಲ್ಲವೆ, ಲಮ್ಜಿರಾ?"

ಗಾಯ ತೊಳೆಯುತ್ತ ಹೇಳಿದೆ:
ಬೆನ್ನನ್ನು ಬಿಲ್ಲಿನಂತೆ ಬಗ್ಗಿಸುವ ಧನುರ್ವಾಯು.
ಹೂಂ ಅಂದ.
ನಾಯಿಕೆಮ್ಮು. ನಿನಗೆ ಅದು ಬರೀ ಕೆಮ್ಮು,
ತೊಟ್ಟಿಲಿಗೆ ಹೋದರೆ ಉಸಿರೇ ಸಿಗದು.
ಸೊಸೆಗೆ ಏಳು ತಿಂಗಳು, ಮರೆತೆಯಾ?
ಹೂಂ ಅಂದ.
ಗಂಟಲಮಾರಿ ಅಂದೆ.
ಟೋಪಿ ತೆಗೆದ.

ಕರೆಂಟಿಲ್ಲದ ಆ ಚಳಿಗಾಲ ಅವನಿಗೂ ಗೊತ್ತು, ನನಗೂ.
ಅವನ ತಮ್ಮ ಓತಾರ್. ಮಗುವಲ್ಲ, ಮೂವತ್ತೆಂಟು.
ಮೂರು ದನಿಯ ಹಾಡಿನಲ್ಲಿ ಮೇಲಿನ ದನಿ ಅವನದು.
ಮೇಣದ ಬತ್ತಿ ಹಿಡಿದು ಆ ಗಂಟಲೊಳಗೆ ಇಣುಕಿದವಳು ನಾನು:
ಬೂದಿ ಬಣ್ಣದ ಪರದೆ ಇಳಿದಿತ್ತು.
ಇಂದಿಗೂ ಅವರ ಮನೆಯ ಔತಣದಲ್ಲಿ
ಎರಡೇ ದನಿ ಹಾಡುತ್ತವೆ,
ಮೂರನೆಯದಕ್ಕೆ ಜಾಗ ಬಿಟ್ಟು.

ತಾನೇ ತೋಳು ಮಡಚಿದ ನುಗ್ಜಾರ್.
ಚುಚ್ಚಿದ್ದು ಗೊತ್ತೇ ಆಗಲಿಲ್ಲ ಅಂದ, ಸುಳ್ಳ.

ಚೀಟಿಯಲ್ಲಿ ಮುಂದಿನ ತಾರೀಖು ಬರೆದೆ:
ಇಂದಿಗೆ ಹತ್ತು ವರ್ಷ.
"ನನಗೀಗ ಎಪ್ಪತ್ತೊಂದು," ನಕ್ಕ, "ಪೆನ್ಸಿಲಿನಲ್ಲಿ ಬರಿ."
ನನ್ನ ಬಳಿ ಪೆನ್ಸಿಲ್ ಇತ್ತು.
ಪೆನ್ನಿನಲ್ಲೇ ಬರೆದೆ.

ಮರುದಿನ ಸೊಸೆಯ ಫೋನು:
ತೋಳು ಎತ್ತಲಾಗದೆ ಬಳ್ಳಿ ಕತ್ತರಿಸುವುದು ಬಿಟ್ಟು
ಬೆಳಗಿನಿಂದ ನಿಮ್ಮನ್ನೇ ಬೈಯುತ್ತಿದ್ದಾರೆ.
ಚೀಟಿಯನ್ನು ಮಾತ್ರ ನೆಲದಲ್ಲಿ ಹೂತ ದ್ರಾಕ್ಷಾರಸದ ಹಂಡೆಗಳ ಮೇಲೆ
ಗೋಡೆಗೆ ನೇತುಹಾಕಿದ್ದಾರೆ,
ತುಕ್ಕು ಮೊಳೆಗೇ.