ಅರ್ಧ ಸುತ್ತು

ಹನ್ನೊಂದು ತಿಂಗಳು ಕಂಡೆ ಅದನ್ನು
ಸಾಗರದ ಬಸ್ಸಿನ ಫುಟ್‌ಬೋರ್ಡಿನಿಂದ.
ಕುಂಸಿ ದಾಟಿದ ಮೇಲೆ, ಎಡಕ್ಕೆ, ತಗಡಿನ ಕೆಳಗೆ,
ಸೀಟಿನ ಮೇಲೆ ಕೋಳಿ, ಹ್ಯಾಂಡಲ್ಲಿಗೆ ಒಣಹಾಕಿದ ಗೋಣಿಚೀಲ.
ಯಜ್ಡಿ. ಎಪ್ಪತ್ತೊಂಬತ್ತರದು ಇರಬೇಕು ಅಂತ
ಟಿಕೆಟ್ ಹರಿಯುತ್ತಲೇ ಅಂದಾಜು ಹಾಕಿದೆ.

ಕಂಡಕ್ಟರನಿಗೆ ಚಿಲ್ಲರೆ ಗೊತ್ತು, ಮೋಹವೂ ಗೊತ್ತು.
ಮೊದಲು ಬರೆದದ್ದೇ ಒಟ್ಟು ಮೊತ್ತ,
ಹಳೆಯ ವೇಬಿಲ್ಲಿನ ಬೆನ್ನಿಗೆ: ನಲವತ್ತೈದು ಸಾವಿರ.
ಕೆಳಗೊಂದು ಗೆರೆ. ಗೆರೆಯ ಕೆಳಗೆ ಏನೂ ಇಲ್ಲ.

ರಜೆಯ ಸೋಮವಾರ ಟಾರ್ಚು ಹಿಡಿದು ಹೋದೆ.
ಹೊಳಪು ನೋಡಬೇಡಿ, ತುಕ್ಕು ನೋಡಿ ಅಂದಿದ್ದ ಇನಾಯತುಲ್ಲಾ.
ಬಣ್ಣ ಬಜಾರಿನಲ್ಲಿ ಸಿಗುತ್ತೆ, ಚಾಸಿಸ್ಸು ಸಿಗಲ್ಲ.
ಆರ್‌ಸಿಯ ನಂಬರೂ ಇಂಜಿನ್ನಿನ ನಂಬರೂ
ಒಂದೇ ತಾಯಿ ಮಕ್ಕಳೋ ಕೇಳಿ,
ಆಮೇಲೆ ಕಿಕ್ಕರಿಗೆ ಕಾಲಿಡಿ.

ಮಕ್ಕಳೇ.

ನೀಲಾಂಬಿಕಮ್ಮ ಹದಿನಾಲ್ಕು ಎಂದರು, ನಾನು ಹನ್ನೆರಡು.
ಕೋಳಿ ಓಡಿಸಿ, ಸೆರಗಿನಿಂದ ಸೀಟು ಒರೆಸಿ, ಸುಮ್ಮನೆ ನಿಂತರು.
“ಹನ್ನೆರಡಕ್ಕೇ ಒಯ್ಯಿ. ಶುರುವಾದ ದಿನ
ಈ ಬಾಗಿಲಿಗೆ ತಂದು ಒಂದು ಸಲ ಸದ್ದು ಕೇಳಿಸು.
ದನದ ಕಾಂಪೌಂಡರು ಓಡಿಸಿದ ಗಾಡಿ ಇದು.”
ಬರೆದುಕೊಂಡೆ: ಬಾಕಿ, ಸದ್ದು, ಒಂದು ಸಲ.

ಆಟೋ ಕಾಂಪ್ಲೆಕ್ಸಿನ ಮೂಲೆಯ ಶೆಡ್ಡಿನಲ್ಲಿ
ಏಳು ತಿಂಗಳು ಬಿಚ್ಚಿಕೊಂಡು ಕೂತಿತು.
ಬೋರಿಂಗು, ಪಿಸ್ಟನ್ನು, ಕ್ರ್ಯಾಂಕಿನ ಬೇರಿಂಗು ಬೇಕೇಬೇಕು.
ಕ್ರೋಮು ರಿಮ್ಮಿಗೆ ಸಾಕು. ಟ್ಯಾಂಕಿನ ನೆಗ್ಗು ಇರಲಿ ಎಂದೆ.
ಇನಾಯತುಲ್ಲಾ ಹಣೆ ಚಚ್ಚಿಕೊಂಡ:
“ಮದುವೆ ಗಂಡಿಗೆ ಹರಕು ಅಂಗಿನಾ ಸಾರ್?”
ಭದ್ರಾವತಿಯ ಗುಜರಿಯಲ್ಲಿ, ತೂಕದ ಲೆಕ್ಕಕ್ಕೆ,
ಸಿಕ್ಕಿತೊಂದು ಸೈಲೆನ್ಸರು;
ಅದರ ಜೋಡಿಗೆ ಹೊಸದರ ಬೆಲೆ ಕೇಳಿ
ಆ ತಿಂಗಳು ಮೂರು ಡಬಲ್ ಡ್ಯೂಟಿ.
ಆರ್‌ಟಿಒ, ಹಸಿರು ತೆರಿಗೆ ಮರೆತೇಬಿಟ್ಟಿದ್ದೆ.
ಗೆರೆ ದಾಟಿ ಒಂಬೈನೂರು.
ನನ್ನದೇ ಕೈಬರಹ ನನ್ನನ್ನು
ಟಿಕೆಟ್ಟಿಲ್ಲದ ಗಿರಾಕಿಯ ಹಾಗೆ ನೋಡಿತು.

ನವೆಂಬರಿನ ಬೆಳಿಗ್ಗೆ ಕಿಕ್ಕರ್ ಒದ್ದು,
ಅದನ್ನೇ ಮುಂದಕ್ಕೆ ಮಡಚಿ ಗೇರು ಮಾಡಿ,
ಆಯನೂರು, ಕುಂಸಿ. ದಿನಾ ಹೋಗುವ ದಾರಿ,
ಯಾರೂ ಹೋಲ್ಡಾನ್ ಎನ್ನಲಿಲ್ಲ.

ಅವರು ಹೊಸಿಲ ಮೇಲೆ ತಲೆ ವಾಲಿಸಿ ಕೇಳಿದರು.
ಡಗ ಡಗ ಡಗ, ಮಿಷನ್ನಿನ ಹೊಲಿಗೆಯಷ್ಟು ಸಮ.
“ಇದಲ್ಲ,” ಎಂದರು.
“ಚೆನ್ನಾಗಿದೆ. ಆದರೆ ಇದಲ್ಲ. ಅದು ಕೆಮ್ಮುತ್ತಿತ್ತು.
ತಿರುವಿನಲ್ಲಿ ಎರಡು ಕೆಮ್ಮು ಕೇಳಿದರೆ
ಡೆಟಾಲ್ ಹಾಕಿ ಬಿಸಿನೀರು ಇಡುತ್ತಿದ್ದೆ ಕೈಕಾಲಿಗೆ.”

ಆ ಕೆಮ್ಮು ತೆಗೆಸುವುದಕ್ಕೇ ಅಲ್ಲವೇ
ನಾನು ಅಷ್ಟು ದುಡ್ಡು ಕೊಟ್ಟದ್ದು.
ಸೀಟಿನ ಕೆಳಗಿಂದ ಸ್ಕ್ರೂಡ್ರೈವರು ತೆಗೆದೆ.
ಕಾರ್ಬೊರೇಟರಿನ ಗಾಳಿ ಸ್ಕ್ರೂ, ಬಲಕ್ಕೆ, ಅರ್ಧ ಸುತ್ತು.
ಗಾಡಿ ತಡವರಿಸಿತು. ಖೊಕ್.
ಸ್ವಲ್ಪ ಹೊಗೆ. ಮತ್ತೆ ಖೊಕ್.

ತಲೆಯೆತ್ತಿದರೆ ಹೊಸಿಲಲ್ಲಿ ಯಾರೂ ಇಲ್ಲ.
ಒಳಗೆ ಪಾತ್ರೆಯ ಸದ್ದು.
ಬಹಳ ಹೊತ್ತಿನ ಮೇಲೆ ಒಂದು ಚೊಂಬು ಬಿಸಿನೀರು ಬಂತು.
“ಕೈ ತೊಳಿ. ಮಸಿಯಾಗಿದೆ.”

ಹೀಗೆ ಬಿಟ್ಟರೆ ಲೀಟರಿಗೆ ಒಂದೆರಡು ಕಿಲೋಮೀಟರ್ ನಷ್ಟ,
ಆಯನೂರಿನಲ್ಲಿ ನಿಲ್ಲಿಸಿ ಸರಿ ಮಾಡೋಣ ಎಂದುಕೊಂಡಿದ್ದೆ.
ಆಯನೂರು ಬಂತು, ಹೋಯಿತು.
ಡಿಪೋದ ಗೇಟಿನಲ್ಲಿ ಡ್ರೈವರ್ ಹುಚ್ರಾಯಪ್ಪ ನಕ್ಕ:
“ಇಷ್ಟು ಸುರಿದೂ ಕೆಮ್ಮುತ್ತಲ್ಲೋ ಮಾರಾಯ?”
“ಅದಕ್ಕೇ,” ಎಂದೆ,
“ಎರಡು ಸಾವಿರ ಕಡಿಮೆಗೆ ಬಂತು.”