ಮಾರ್ಜಿನ್ ಮನಿ

ಕಪನೂರದ ದಾಲ್ ಮಿಲ್ಲಿನಾಗ ಹನ್ನೊಂದು ವರ್ಷ
ಬ್ಯಾಳಿ ಆರಿಸಿದ ಕೈರಿ ಇವು.
ಮಿಲ್ಲು ಬಂದ್ ಆದ ದಿನ ಸೇಠ್ ಏನೂ ಅನ್ನಲಿಲ್ಲ,
ಗೇಟಿನ ಬೀಗಾನೇ ಹೇಳಿತು.
ಮೂವತ್ತಾರು ಹೆಂಗಸರು ರಸ್ತಾದಾಗ ನಿಂತು
ಸೆರಗಿನಾಗಿನ ಹೊಟ್ಟು ಝಾಡಿಸಿಕೊಂಡಿವಿ.

ಈಗ ಕೈಗಾರಿಕಾ ಕೇಂದ್ರದ ಬೆಂಚಿನ ಮ್ಯಾಲ ಕುಂತೀನಿ.
ಎದುರಿನ ಗ್ವಾಡಿಗಿ ಒಂದು ಪೋಸ್ಟರ್:
ಹೊಲಿಗಿ ಮಷಿನ್ ಮುಂದ ನಗೋ ಹೆಣ್ಣುಮಗಳು.
ಆಕಿಗಿ ಸಾಲ ಸಿಕ್ಕಾದ,
ಹಲ್ಲು ನೋಡಿದ್ರೇ ಗೊತ್ತಾಗ್ತದ.

ಫಾರಂ ಕೇಳ್ತದ: ನಿರುದ್ಯೋಗಿ ಹೌದೋ ಅಲ್ಲೋ?
ನಸುಕಿನ್ಯಾಗ ಎದ್ದು ನೀರು ತುಂಬೀನಿ,
ಐದು ಮಂದಿಗಿ ರೊಟ್ಟಿ ಬಡ್ದೀನಿ, ಅತ್ತಿ ಕಾಲು ತಿಕ್ಕೀನಿ,
ಸೂಪರ್ ಮಾರ್ಕೆಟ್ಟಿನಾಗ ಝೆರಾಕ್ಸ್ ಮಾಡ್ಸಿ
ಬಸ್ಸಿನಾಗ ನಿಂತು ಬಂದೀನಿ.
ಹೌದು, ಅಂತ ಬರ್ದೆ.

ಅನುಭವ? ಅದಕ್ಕ ಸರ್ಟಿಫಿಕೇಟ್ ಬೇಕಂತ.
ಒಂದು ತೊಗರಿ ಕಾಳು ಹಲ್ಲಿನಾಗ ಇಟ್ಟು ಕಡಿದ್ರ
ಸಪ್ಪಳದ ಮ್ಯಾಲ ಹೇಳ್ತೀನ್ರಿ
ಇನ್ನೊಂದು ಬಿಸಿಲು ಬೇಕೋ, ಸಾಕೋ.
ಸಾಹೇಬ್ರು ಪೆನ್ನು ನಿಲ್ಲಿಸಿ ನನ್ನ ಬಾಯಿ ನೋಡಿದ್ರು.
ಬಾಯಿಗಿ ಸಿಕ್ಕಾ ಹ್ಯಾಂಗ ಒತ್ತಬೇಕು, ಪಾಪ.

ಹತ್ತು ದಿನ ತರಬೇತಿನೂ ಆಯ್ತು.
ಹುಬ್ಬಳ್ಳಿ ಕಡಿಯ ಸರ್ ಬೋರ್ಡಿನ ಮ್ಯಾಲ ಬರ್ದು ಕೇಳಿದ್ರು,
ಉದ್ಯಮದಾಗ ದೊಡ್ಡ ಅಪಾಯ ಯಾವುದು?
ಹಲೀಮಾ ಮೆಲ್ಲಗ ಅಂದ್ಳು,
ಸಾಲ ತಗೋತೀನಂತ ಮನ್ಯಾಗ ಹೇಳೋದು.
ಎಲ್ಲಾರೂ ನಕ್ಕಿವಿ. ಸರ್ ನಗಲಿಲ್ಲ,
ಅದನ್ನೂ ಬರ್ಕೊಂಡ್ರು.

ಪ್ರಾಜೆಕ್ಟ್ ರಿಪೋರ್ಟ್ ಮಾಡಿದವ ಆಡಿಟರ್ ಆಫೀಸಿನ ಹುಡುಗ ಓಂಕಾರ.
ಮಷಿನ್ ಇಷ್ಟು, ಮೋಟಾರು ಇಷ್ಟು,
ಕಚ್ಚಾ ಮಾಲು: ತೊಗರಿ, ಎಣ್ಣಿ, ಚೀಲ.
ಬಿಸಿಲು? ಅಂದೆ.
ಅಂದ್ರ?
ಎಣ್ಣಿ ಹಚ್ಚಿ, ನೀರು ಹೊಡ್ದು, ಮಾಳಗಿ ಮ್ಯಾಲ ಹರವಿದ್ಮ್ಯಾಲ
ಅರ್ಧ ಕೆಲಸ ಬಿಸಿಲೇ ಮಾಡ್ತದಲ್ಲೋ ತಮ್ಮಾ,
ಕಲಬುರಗಿಯಾಗ ಕುಂತು ಅದನ್ನೇ ಬಿಟ್ರ ಹ್ಯಾಂಗ?
ಕಂಪ್ಯೂಟರಿನಾಗ ಆ ಕಾಲಂ ಇಲ್ಲಕ್ಕಾ, ಅಂದ.

ಕಡೀಗಿ, ಮಾರ್ಜಿನ್ ಮನಿ.
ಅದ್ಯಾರ ಮನಿನೇ? ಅಂತ ಕೇಳಿದ್ಳು ಅತ್ತಿ.
ನಂಗೂ ಗೊತ್ತಿದ್ದ ಮಾರ್ಜಿನ್ ಒಂದೇ,
ನಾಕನೇ ಕ್ಲಾಸಿನ ನೋಟ್‌ಬುಕ್ಕಿನ ಕೆಂಪು ಗೆರಿ.
ಅದರಾಚಿ ಬರೀಬ್ಯಾಡ ಜಗದೇವಿ, ಅದು ನನ್ನ ಜಾಗ,
ಅಂತಿದ್ರು ಗುಂಡಮ್ಮ ಟೀಚರ್.
ಸರಕಾರದ್ದೂ ಹಂಗೇ ಅದರಿ.
ರೊಕ್ಕ ಕೊಡ್ತದಂತ, ನನ್ನ ಹೆಸರಿಗೇ ಕೊಡ್ತದಂತ,
ಮೂರು ವರ್ಷ ಅದು ಬ್ಯಾಂಕಿನಾಗೇ ಮಲಗಿರ್ತದಂತ,
ನಾ ಎಬ್ಬಿಸಂಗಿಲ್ಲ.
ಅಲ್ಲಿತನಕ ಗೆರಿ ಈಚಿ ಬರೀತಿರಬೇಕು,
ಕಂತಿನ ಮ್ಯಾಲ ಕಂತು, ಕಾಟು ಹೊಡೀದಂಗ.

ನನ್ನ ಪಾಲು ನೂರಕ್ಕ ಐದು.
ಎಲ್ಲಿಂದ ತಂದಿ ಅಂತ ಯಾರೂ ಕೇಳಲಿಲ್ಲ, ನಾನೇ ಹೇಳ್ತೀನಿ.
ಶನಿವಾರಕ್ಕೊಮ್ಮೆ ಮಿಲ್ಲಿನ ಕಸ ನಮಗ ಬಿಡ್ತಿದ್ರು,
ಹೊಯ್ಕೊಂಡು ಹೋಗ್ರಿ ಅಂತ.
ರಾತ್ರಿ ಕುಂತು ಅದರಾಗಿನ ನುಚ್ಚು ಆರಿಸಿ,
ಕೇರಿ, ಮಾರಿ, ಚೀಟಿಗಿ ಹಾಕೀನಿ.
ಸೇಠ್‌ಗೆ ಗೊತ್ತಿಲ್ಲ,
ಅವರ ಕಸಬರಗಿನೇ ನನ್ನ ಪಾಲುದಾರ.

ಜಗದೇವಿ ಗಂಡ ಭೀಮಶಾ!
ಸಿಪಾಯಿ ಕೂಗಿದ. ಎದ್ದೆ.
ಅಷ್ಟರಾಗ ಕರೆಂಟ್ ಹೋಯ್ತು, ಫ್ಯಾನ್ ನಿಂತು,
ಕತ್ತಲ ಕಂಪ್ಯೂಟರ್ ಮುಂದ ಸಾಹೇಬ್ರು ಬೆವತ್ರು.
ಬ್ಯಾಂಕಿನಿಂದ ಇನ್ನಾ ಬಂದಿಲ್ಲವ್ವಾ,
ಸೋಮವಾರ ಒಮ್ಮಿ ಬಾ.

ಹೊರಗ ಬೇವಿನ ನೆಳ್ಳಾಗ ಚಪ್ಪಲಿ ಹಾಕ್ಕೋತ
ಚೀಲದ ಮೂಲ್ಯಾಗ ಕೈ ಆಡಿಸಿದೆ.
ಒಂದು ಕಾಳು ಸಿಕ್ತು. ಎಂದಿನದೋ.
ಬಾಯಾಗ ಹಾಕಿ ಕಡಿದು, ಕಿವಿ ಕೊಟ್ಟೆ.

ಇನ್ನೊಂದು ಬಿಸಿಲು ಬೇಕು.