ಸೆಲ್ಲು

ಕ್ರಿಸ್‌ಮಸ್‌ಗೆ ಇನ್ನು ಮೂರು ದಿನ.
ಚರ್ಚಿನ ಹಿಂದಿನ ಹಜಾರದಲ್ಲಿ ನೆಲದ ತುಂಬ ಆಟಿಕೆ,
ಮಂಡ್ಯದ ಮನೆಮನೆಯಿಂದ ಬಂದವು:
ಒಂದು ಚಕ್ರ ಕಳೆದ ಲಾರಿ, ಕಿವಿ ಹರಿದ ಆನೆ.
ನನ್ನದು ರಿಪೇರಿ ಕೆಲಸ. ಸ್ಕ್ರೂಡ್ರೈವರ್, ಅಂಟು,
ಬೇಕಾದವಕ್ಕೆ ಎರಡೆರಡು ಸೆಲ್ಲು.
ರೋಸ್‌ಲಿನ್ ಟೀಚರ್ ಲೆಕ್ಕ ಬರೆಯುತ್ತಾರೆ,
ಸೊನ್ನೆಯನ್ನೂ ದುಂಡಗೆ.

ಟ್ರಾಕ್ಟರಿನಲ್ಲಿ ಬಂದಿಳಿದರು
ಕಬ್ಬು ಕಡಿಯಲು ಬಂದವರ ಮಕ್ಕಳು,
ಮೊಣಕೈವರೆಗೂ ಸೋಗೆ ಗೀರಿದ ಗೆರೆ.
ಹುಲಿಗೆವ್ವ ಮಾತಾಡುವ ಬೊಂಬೆ ಆರಿಸಿದಳು,
ಹೊಟ್ಟೆ ಒತ್ತಿದಳು. ಅದು ಹಲೋ ಎಂದಿತು.
ನಗಲಿಲ್ಲ. ಬೆನ್ನು ತಿರುಗಿಸಿ ನೋಡಿ,
"ಮಾಮಾ, ಇದರಾಗಿನ ಸೆಲ್ಲು ಬಿಚ್ಚೂದು ಹ್ಯಾಂಗ?"

ತುಸು ಸಿಟ್ಟು ಬಂತು ನನಗೆ,
ಇನ್ನೂ ಕೈಗೆ ಬಂದಿಲ್ಲ, ಆಗಲೇ ಬಿಚ್ಚುವ ಮಾತು.

"ರಾತ್ರಿ ಅವ್ವನ ಬ್ಯಾಟ್ರಿಗೆ ಬೇಕು.
ಕಬ್ಬಿನಾಗ ಹಾವು ಇರ್ತಾವ.
ಬೆಳಕಾದ ಮ್ಯಾಲೆ ಈಕಿಗೆ ವಾಪಸ್ ಹಾಕ್ತೀನಿ."

ತೋರಿಸಿಕೊಟ್ಟೆ. ಬಲಕ್ಕಲ್ಲ, ಎಡಕ್ಕೆ.
ನನ್ನ ಸಣ್ಣ ಸ್ಕ್ರೂಡ್ರೈವರ್
ಅವಳ ಲಂಗದ ಜೇಬು ಸೇರಿತು, ಕೇಳಲಿಲ್ಲ ನಾನು.

ಟೀಚರ್ ಕನ್ನಡಕ ಏರಿಸಿದರು:
ಬೊಂಬೆ ಒಂದು, ಸೆಲ್ಲು ನಾಲ್ಕು ಹೇಗೆ?
"ಬರ್ಕೊಳಿ ಟೀಚರ್," ಎಂದೆ,
"ಇದಕ್ಕೆ ರಾತ್ರಿ ಪಾಳಿನೂ ಐತೆ."